ಹಳೇ ಮಿಲಿಟರಿ ಜೀಪಿನ ಮೀಟರ್ ಗುರುತಿಸುವ ಕೈಪಿಡಿ: ಮಸ್ಕಿ ತಾಲ್ಲೂಕಿಗೆ ಮಾತ್ರ

ಬೇಕಾಗುವ ಸಾಮಾನು: ವಿಲ್ಲೀಸ್ ಎಂಬಿ ಎಂದು ಹೇಳಿ ಮಾರಿದ ಜೀಪು ಒಂದು, ಟಾರ್ಚು, ಮಲ್ಟಿಮೀಟರ್, ಮೀಟರಿನ ಬೆನ್ನು ನೋಡಲು ಸಣ್ಣ ಕನ್ನಡಿ. ಸಲಹೆಗಾರರನ್ನು ಕರೆಯಬೇಕಿಲ್ಲ, ಬಾನೆಟ್ ಎತ್ತಿದೊಡನೆ ತಾವೇ ಬರುತ್ತಾರೆ.

1. ಚರಿತ್ರೆ ಕೇಳಿ, ಬರೆದುಕೊಳ್ಳಬೇಡಿ. ಮಾರುವವರು ‘ಲಿಂಗಸುಗೂರು ಛಾವಣಿ ಗಾಡಿ ಐತ್ರಿ’ ಎಂದರೆ ಚಹಾ ಕುಡಿದು ಎದ್ದುಬನ್ನಿ. ಅಲ್ಲಿ ಹೈದರಾಬಾದ್ ಕಂಟಿಂಜೆಂಟಿನ ಠಾಣ್ಯವಿದ್ದದ್ದು 19ನೇ ಶತಮಾನದಲ್ಲಿ. ಈ ಜೀಪು ಹುಟ್ಟಿದ್ದು 1941ರಲ್ಲಿ. ‘ಪೊಲೀಸ್ ಆಕ್ಷನ್‌ದಾಗ ಬಂದಿದ್ರಿ’ ಎಂದರೆ ಇನ್ನೊಂದು ಚಹಾಕ್ಕೆ ಕೂಡಬಹುದು. 1948ರ ಸೆಪ್ಟೆಂಬರು ಲೆಕ್ಕಕ್ಕೆ ಕೂಡುತ್ತದೆ.

2. ಈಗ ಸ್ಪೀಡೋಮೀಟರ್ ನೋಡಿ. ಎಂಬಿಯದು ಮೈಲಿಯದು, 60ಕ್ಕೆ ಮುಗಿಯುತ್ತದೆ. ಕಿ.ಮೀ. ಎಂದಿದ್ದರೆ, ಭಾರತ ಮೆಟ್ರಿಕ್ ಅಳತೆಗೆ ಕಾಯ್ದೆ ಮಾಡಿದ್ದೇ 1956ರಲ್ಲಿ ಎಂದು ನೆನಪಿಸಿ. ‘ಮಿಲಿಟರಿಯವ್ರಿಗೆ ಮೊದ್ಲ ಗೊತ್ತಿತ್ರಿ’ ಎಂಬ ಉತ್ತರಕ್ಕೆ ಸಿದ್ಧರಾಗಿರಿ.

3. ತೂತು ಎಣಿಸಿ. ಐದಿರಬೇಕು: ಸ್ಪೀಡು, ಪೆಟ್ರೋಲು, ಆಯಿಲ್ ಪ್ರೆಷರು, ಟೆಂಪರೇಚರು, ಆಂಪಿಯರು. ಆರನೆಯದು ಟೇಪ್ ರೆಕಾರ್ಡರಿನದು. ಏಳನೆಯದರ ಬಗ್ಗೆ ಕೇಳದಿರುವುದು ಮರ್ಯಾದೆ.

4. ವೋಲ್ಟೇಜ್ ತಿಳಿಯಿರಿ. ಎಂಬಿ 6 ವೋಲ್ಟಿನ ಗಾಡಿ. 1950ರಲ್ಲಿ ಬಂದ ಎಂ38 24 ವೋಲ್ಟಿನದು. ನಿಮ್ಮ ಮಿಸ್ತ್ರಿ ಕೂಡಿಸಿದ ಬ್ಯಾಟರಿ 12 ವೋಲ್ಟಿನದು. 6ರ ಪೆಟ್ರೋಲ್ ಮೀಟರಿಗೆ 12 ಕೊಟ್ಟರೆ ಮುಳ್ಳು ಒಮ್ಮೆ ಉತ್ಸಾಹದಿಂದ ಎದ್ದು, ಆಮೇಲೆ ಏಳುವುದಿಲ್ಲ.

5. ಟೆಂಪರೇಚರ್ ಮೀಟರಿನ ಸಣ್ಣ ತಾಮ್ರದ ನಳಿಗೆಯನ್ನು ಕಾಯಿರಿ. ಅದು ವೈರಲ್ಲ. ತುದಿಯ ಬಲ್ಬಿನ ದ್ರವ ಕಾದು, ಆವಿಯ ಒತ್ತಡ ನಳಿಗೆಯಲ್ಲಿ ಬಂದು ಮುಳ್ಳನ್ನು ತಳ್ಳುತ್ತದೆ. ‘ಉದ್ದ ಆತ್ರಿ, ಕತ್ತರಿಸ್ಲೇನು?’ ಎಂಬ ದನಿ ಕೇಳಿದರೆ ಇಕ್ಕಳ ಕಿತ್ತುಕೊಳ್ಳಿ. ಅಂದ ಹಾಗೆ, 180 ಎಂದು ತೋರಿಸಿದರೆ ನೀರು ಸುರಿಯಲು ಓಡಬೇಡಿ. ಅದು ಫ್ಯಾರನ್‌ಹೀಟು, ನಮ್ಮ ಲೆಕ್ಕದಲ್ಲಿ 82.

6. ಆಂಪಿಯರ್ ಮೀಟರಿಗೆ ಸೊನ್ನೆ ನಡುವಿನಲ್ಲಿರುತ್ತದೆ. ತುಂಬಿದ ಬ್ಯಾಟರಿಗೆ ಮುಳ್ಳು ಅಲ್ಲೇ ಸುಮಾರಿಗೆ ನಿಲ್ಲುವುದು ಆರೋಗ್ಯ. ರೇಸ್ ಮಾಡಿದಷ್ಟೂ ಮೈನಸ್ಸಿಗೆ ಓಡಿದರೆ ಹಿಂದಿನ ಎರಡು ವೈರು ಅದಲುಬದಲಾಗಿವೆ.

7. ಸ್ಥಳೀಯ ಎಚ್ಚರಿಕೆ. ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರು ಸೀಮೆಗೆ ಭತ್ತ ತಂದಿತು, ಭತ್ತ ಟ್ರ್ಯಾಕ್ಟರ್ ತಂದಿತು, ಟ್ರ್ಯಾಕ್ಟರ್ ತನ್ನ ಮೀಟರುಗಳನ್ನು ಅಂಗಡಿ ಅಂಗಡಿಗೆ ತಂದಿತು. ‘ಸೇಮ್ ಸೈಜ್ ಐತಿ ಸಾವ್ಕಾರ್ರೆ’ ಎಂದು ಕೊಟ್ಟದ್ದರಲ್ಲಿ ಮೈಲಿಯ ಬದಲು ತಾಸು ಏರುತ್ತಿದ್ದರೆ, ನಿಮ್ಮ ಜೀಪು ನಿಂತಲ್ಲೇ ದುಡಿಯುತ್ತಿದೆ ಎಂದರ್ಥ.

8. ಕೊನೆಗೆ ಬೆನ್ನು ನೋಡಿ. ಇದನ್ನು ಮಸ್ಕಿಯವರಿಗೆ ಹೇಳಿಕೊಡಬೇಕಿಲ್ಲ. ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಓದಿದ ಪ್ರಿನ್ಸೆಪ್ ಮೊದಲು ಸಿಂಹಳದ ಅರಸನಿರಬೇಕೆಂದುಕೊಂಡಿದ್ದರು. 1915ರಲ್ಲಿ, ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಕಣ್ಣಿಗೆ ನಮ್ಮೂರ ಬಂಡೆ ಬಿತ್ತು. ಅದರ ಮೇಲೆ ಬಿರುದಿನ ಜೊತೆ ‘ಅಶೋಕ’ ಎಂಬ ಹೆಸರೂ ಇತ್ತು, ತಕರಾರು ಮುಗಿಯಿತು. ಗುಜರಿಯಲ್ಲಿ ‘ಒರಿಜಿನಲ್’, ‘ಮಿಲಿಟರಿ ಮಾಲ್’ ಎಂಬುವೆಲ್ಲ ಬಿರುದುಗಳು. ಮೀಟರ್ ತಿರುಗಿಸಿ, ತಯಾರಕರ ಹೆಸರು, ವೋಲ್ಟು ಸಿಕ್ಕರೆ ಮಾತ್ರ ಮಾತು ಮುಂದುವರಿಸಿ.

ದೋಷ ಪತ್ತೆ: ಟ್ಯಾಂಕಿ ಖಾಲಿಯಾದಾಗ ಮುಳ್ಳು ‘ಫುಲ್’ ತೋರಿಸುತ್ತಿದ್ದರೆ ಟ್ಯಾಂಕಿಯ ಫ್ಲೋಟಿಗೂ ಮೀಟರಿಗೂ ಜೋಡಿ ಕೂಡಿಲ್ಲ. ಸರಿಜೋಡಿ ಸಿಗುವ ತನಕ ಕೋಲು ಬಳಸಿ. ಎಂಬಿಯ ಟ್ಯಾಂಕಿ ಡ್ರೈವರ್ ಸೀಟಿನ ಕೆಳಗಿದೆ. ಗಾಡಿ ನಿಲ್ಲಿಸಿ, ಇಳಿದು, ಸೀಟು ಎತ್ತಿ ಅದ್ದಬೇಕು. ಕೋಲಿಗೆ 6 ವೋಲ್ಟು, 12 ವೋಲ್ಟು ಎಂಬ ಭೇದವಿಲ್ಲ. ಅದನ್ನು ಅಂಗಡಿಯವರಿಗೆ ಮಾತ್ರ ತೋರಿಸಬೇಡಿ. ನಾಳೆ ಅದಕ್ಕೂ ಮಿಲಿಟರಿ ರೇಟು ಬರುತ್ತದೆ.