ಇಬ್ಬರು ಕೊಟ್ರೇಶರ ಬಯಾಲಜಿ

(ಕೊಟ್ಟೂರಿನ ಒಂದು ಮಾಳಿಗೆ. ಬೆಳಗಾದರೆ ದ್ವಿತೀಯ ಪಿಯುಸಿ ಜೀವಶಾಸ್ತ್ರ ಪರೀಕ್ಷೆ. ಈ ಸೀಮೆಯ ವಾಡಿಕೆಯಂತೆ ಇಬ್ಬರ ಹೆಸರೂ ಕೊಟ್ರೇಶ. ಒಬ್ಬ ದೊಡ್ಡವ, ಒಬ್ಬ ಸಣ್ಣವ.)

ದೊಡ್ಡವ: ಮೆಂಡೆಲ್ ಏನ್ ಬೆಳೆದ್ನಲೇ?

ಸಣ್ಣವ: ಬಟಾಣಿ. 9:3:3:1.

ಅಜ್ಜ (ಶೇಂಗಾ ಸುಲಿಯುತ್ತ): ಎಕರೆಗಾ? ಸಾಲ ತೀರಂಗಿಲ್ಲ ಬಿಡು. ಅದಿರ್ಲಿ, ಶೇಂಗಾ ಹೂವು ಮ್ಯಾಲೆ ಬಿಡ್ತೈತಿ, ಕಾಯಿ ಮಣ್ಣಾಗ ಕಟ್ತೈತಿ. ಹೆಂಗ್ರಪ್ಪ?

(ಇಬ್ಬರೂ ಗೈಡ್ ತಿರುವುತ್ತಾರೆ. ಗೈಡಿಗೆ ಹೊಲ ಗೊತ್ತಿಲ್ಲ.)

ಸಣ್ಣವ: ಸಿಲೆಬಸ್ಸಿನಾಗಿಲ್ಲಜ್ಜ.

ಅಜ್ಜ: ಹೂವು ಬಾಡಿದ ಮ್ಯಾಲೆ ಅದರ ಬುಡದಿಂದ ಸೂಜಿಯಂಥ ದಂಟು ಇಳೀತೈತಿ. ಅದರ ತುದಿ ನೆಲದೊಳಗ ಹೊಕ್ಕು ಕಾಯಾಗ್ತೈತಿ. ನೆಲ ಗಟ್ಟಿ ಇದ್ರ ಹೊರಗೇ ಒಣಗ್ತೈತಿ.

ದೊಡ್ಡವ: ಎಷ್ಟು ಮಾರ್ಕ್ಸಿಂದಜ್ಜ ಇದು?

ಸಣ್ಣವ: ಬಿಡಲೇ. ಇನ್ ಸಿಟು, ಅಂದ್ರ ಇದ್ದಲ್ಲೇ ಸಂರಕ್ಷಣೆಗೆ ಉದಾಹರಣೆ? ಕಾಜಿರಂಗ!

ಅಜ್ಜ: ಯಾಕ, ಕೂಡ್ಲಿಗಿ ತಾಲ್ಲೂಕಿನಾಗ ಗುಡೇಕೋಟೆ ಕರಡಿಧಾಮ ಇಲ್ಲೇನು?

ಸಣ್ಣವ: ನಮ್ಮೂರ ಕರಡಿ ಬರೆದ್ರ ಮೌಲ್ಯಮಾಪಕರು ನಂಬಬೇಕಲ್ಲ!

ದೊಡ್ಡವ: ಡಾರ್ವಿನ್ ಓದಿಲ್ಲಲೇ ನಾನು.

ಸಣ್ಣವ: ಅವನ ಲೆಕ್ಕದಾಗ ಸೋತವನ ಕಥಿ ಮುಗೀತು. ನಮಗ ಪರೀಕ್ಷೆ-1 ಹೋದ್ರ ಪರೀಕ್ಷೆ-2 ಐತಿ. ಮಲಕ್ಕೋ.

ಅಜ್ಜ: ಹಂಗಾದ್ರ ಬೋರ್ಡಿನವರಿಗೆ ಹೇಳಿ ಮಳಿಗೂ ಇನ್ನೊಂದು ಚಾನ್ಸ್ ಕೊಡಿಸ್ರಪ್ಪ.