ಕಡೂರು–ತರೀಕೆರೆ–ಅಜ್ಜಂಪುರ ಸೀಮೆಯಲ್ಲಿ ರೂಪಾಯಿಯ ಗತಿ, ಅವಗತಿ ಮತ್ತು ಸದ್ಗತಿ: ಒಂದು ಮೂಲ್ಯಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸತಕ್ಕವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲಿಗೇ ನಿರೂಪಿಸಬೇಕೆಂಬುದು ಪ್ರಾಚೀನರ ಕಟ್ಟಳೆಯಷ್ಟೆ. ಅದರಂತೆ ಈ ಪ್ರಬಂಧದ ವಿಷಯ ರೂಪಾಯಿ. ಪ್ರಯೋಜನ, ಬರೆದವನಿಗೆ ಒಂದು ಮಧ್ಯಾಹ್ನದ ಕೋಪ ಇಳಿಯುವುದು. ಸಂಬಂಧ, ರೂಪಾಯಿಗೂ ಲೇಖಕನಿಗೂ ಇದ್ದದ್ದು, ಈಚೆಗೆ ಹಳಸಿರುವುದು. ಇನ್ನು ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು, ಸಂತೆಯಿಂದ ಅರ್ಧ ಚೀಲದೊಡನೆ ಮನೆಗೆ ಮರಳಿ ಉಳಿದರ್ಧಕ್ಕೆ ಉತ್ತರ ಹೇಳಬೇಕಾದ ಯಾವ ಗೃಹಸ್ಥನಾದರೂ ಆಗಬಹುದು.

ಗ್ರಂಥಕ್ಕೆ ನಿಮಿತ್ತವಾದುದು ನಮ್ಮ ಸೀಮೆಯಲ್ಲೇ ಜರುಗಿದ ಒಂದು ವಿಚಾರಸಂಕಿರಣ. ಅಲ್ಲಿ ವಿದ್ವಾಂಸರೊಬ್ಬರು ಗೋಡೆಯ ಮೇಲೆ ಬೆಳಕಿನ ಗೆರೆಗಳನ್ನು ಬೀಳಿಸಿ, 'ಗ್ರಾಮೀಣ ಶ್ರಮಿಕವರ್ಗದ ವಾಸ್ತವಿಕ ವೇತನದ ಊರ್ಧ್ವಮುಖೀ ಪ್ರವೃತ್ತಿ'ಯನ್ನು ಎರಡು ಗಂಟೆಗಳ ಕಾಲ, ಒಮ್ಮೆಯೂ ನೀರು ಕುಡಿಯದೆ, ಪ್ರತಿಪಾದಿಸಿದರು. ಅವರ ತರುವಾಯ ಎದ್ದ ಹಿರಿಯರೊಬ್ಬರು ತಮ್ಮ ಬಾಲ್ಯದಲ್ಲಿ ರೂಪಾಯಿಗೆ ದೊರೆಯುತ್ತಿದ್ದ ತುಪ್ಪದ ಪ್ರಮಾಣವನ್ನು ಎರಡೂ ಕೈಗಳಿಂದ ಅಭಿನಯಿಸಿ ತೋರಿಸಿದರು. ಸಭಿಕರು ತಲೆದೂಗಿದಂತೆಲ್ಲ ಕೈಗಳ ನಡುವಣ ಅಂತರ ಅಗಲವಾಗುತ್ತ ಹೋಯಿತು. ಊಟದ ವೇಳೆಯಲ್ಲಿ ಎಲೆ ಹಾಕಿ, ಬಡಿಸಿ, ಕೊನೆಗೆ ಎಲೆ ಎತ್ತಿದ ಹೆಂಗಸರಿಗೆ ಆ ದಿನದ ಕೂಲಿ ಎಷ್ಟೆಂದು ನಾನು ಸಂಘಟಕರನ್ನು ವಿಚಾರಿಸಲಾಗಿ, "ಅದು ಅಡಿಗೆ ಗುತ್ತಿಗೆಯವರಿಗೆ ಗೊತ್ತು, ನಮಗೆ ಬರುವುದಿಲ್ಲ" ಎಂಬ ಉತ್ತರ ಬಂದಿತು. ನಾನು ಶಾಸ್ತ್ರಕಾರನಾದದ್ದು ಆ ಕ್ಷಣದಲ್ಲಿ.

ಪ್ರಥಮ ಪರಿಚ್ಛೇದ: ಸ್ಥಾವರಜಂಗಮವಿಪರ್ಯಯ. ಈ ಶಬ್ದವನ್ನು ಕಂಡು ಓದುಗರು ಬೆದರಬಾರದು. ನಾನೂ ಬೆದರುತ್ತಲೇ ಇದನ್ನು ರಚಿಸಿದೆ. ನಮ್ಮ ಜಿಲ್ಲೆಗೆ ಇನ್ನೂ ಕಡೂರು ಜಿಲ್ಲೆಯೆಂಬ ಹೆಸರಿದ್ದ ಕಾಲದಲ್ಲಿ (ಆ ಹೆಸರು ೧೯೪೭ರ ವರೆಗೆ ಬಾಳಿತು, ಕಚೇರಿ ಮಾತ್ರ ಬಹಳ ಮೊದಲೇ ಚಿಕ್ಕಮಗಳೂರಿಗೆ ಏರಿ ಹೋಗಿತ್ತು) ಆಡಳಿತದ ವರದಿಗಳು ಧಾನ್ಯದ ಧಾರಣೆಯನ್ನು ಸೇರಿಗೆ ಇಷ್ಟು ರೂಪಾಯಿ ಎಂದು ಬರೆಯುತ್ತಿರಲಿಲ್ಲ, ರೂಪಾಯಿಗೆ ಇಷ್ಟು ಸೇರು ಎಂದು ಬರೆಯುವುದು ವಾಡಿಕೆಯಾಗಿತ್ತು. ರೂಪಾಯಿಯು ಗುಡಿಯ ಮುಂದಣ ಗರುಡಗಂಬದಂತೆ ನಿಂತಲ್ಲೇ ನಿಂತಿರುವುದು, ರಾಗಿ ಜೋಳ ಹುರುಳಿಗಳು ಮಳೆಯನ್ನು ನೋಡಿಕೊಂಡು ಅದನ್ನು ಪ್ರದಕ್ಷಿಣೆ ಬರುವುದು, ಹೀಗೆ ಅಂದಿನ ವಿಶ್ವವ್ಯವಸ್ಥೆ. ಇಂದು ಕಿಲೋ ನಿಂತಿದೆ, ರೂಪಾಯಿ ಓಡುತ್ತಿದೆ. ಸ್ಥಾವರವು ಜಂಗಮವಾಯಿತು, ಜಂಗಮವು ಸ್ಥಾವರವಾಯಿತು. ಹಿರಿಯರ ನಿಟ್ಟುಸಿರೆಲ್ಲ ಈ ಭಾಜಕಭಾಜ್ಯಗಳ ಅದಲುಬದಲಿನಿಂದ ಉತ್ಪನ್ನವಾದುದು.

ಆದರೆ 'ರೂಪಾಯಿಗೆ ಇಷ್ಟು ಸೇರು' ಎಂಬ ವಾಕ್ಯದಲ್ಲಿ ಸೇರು ಎಷ್ಟಿತ್ತೆಂದು ಸ್ಮರಿಸುವವರು ಆ ರೂಪಾಯಿ ಯಾರ ಕೈಯಲ್ಲಿತ್ತೆಂದು ಸ್ಮರಿಸುವುದಿಲ್ಲ. ೧೮೭೬ರಿಂದ ೭೮ರ ವರೆಗಣ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದ ಪ್ರಜೆಗಳಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಅಳಿದುಹೋಯಿತು. ರೂಪಾಯಿ ಆಗಲೂ ಗರುಡಗಂಬದಂತೆಯೇ ನಿಂತಿತ್ತು.

ದ್ವಿತೀಯ ಪರಿಚ್ಛೇದ: ಪಾದಪೈಸಾನ್ವೇಷಣ. ೧೯೫೭ನೆಯ ಇಸವಿ ಏಪ್ರಿಲ್ ೧ರಂದು (ದಿನವನ್ನು ಆರಿಸಿದವರು ಹಾಸ್ಯಪ್ರವೃತ್ತಿಯವರಿರಬೇಕು) ಹದಿನಾರಾಣೆಯ ರೂಪಾಯಿ ನೂರು ನಯಾ ಪೈಸೆಗಳಾಗಿ ಒಡೆಯಿತು. ಗಣಿತಪ್ರಕಾರ ಒಂದು ಆಣೆಗೆ ಆರೂಕಾಲು ಪೈಸೆ. ಸರ್ಕಾರದ ಕೋಷ್ಟಕದ ಪ್ರಕಾರ ಆರು. ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಬಂದಾಗ ಇಪ್ಪತ್ತೈದು, ಎಂದರೆ ಅಲ್ಲಿ ಲೆಕ್ಕ ಕೂಡಿತು. ಹಾಗಾದರೆ ಒಂದಾಣೆಯಿಂದ ಕಳಚಿದ ಆ ಕಾಲು ಪೈಸೆ ಎಲ್ಲಿಗೆ ಹೋಯಿತು? ನಾಲ್ಕು ಸಲ ಬಿಡಿಬಿಡಿಯಾಗಿ ಒಂದೊಂದಾಣೆಯ ಪದಾರ್ಥ ಕೊಳ್ಳುವವನಿಗೂ ಒಮ್ಮೆಗೇ ನಾಲ್ಕಾಣೆಯ ಪದಾರ್ಥ ಕೊಳ್ಳುವವನಿಗೂ ನಡುವೆ ಒಂದು ಇಡೀ ಪೈಸೆಯ ವ್ಯತ್ಯಾಸ ಬೀಳುವುದೆಂದ ಮೇಲೆ, ಅದು ಎಲ್ಲಿಗಾದರೂ ಹೋಗಿರಲೇಬೇಕು. ನನ್ನ ಸಂಶೋಧನೆಯಂತೆ ಅದು ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ತಳದಲ್ಲಿದೆ. ಲೆಕ್ಕದಲ್ಲಿ ಲಾಭ ಗಿರಾಕಿಗೆ ಸಲ್ಲಬೇಕಾಗಿತ್ತೆಂದು ಆಕ್ಷೇಪಿಸುವವರು ಅಂಗಡಿಯ ಮುಂದೆ ನಿಂತವರಲ್ಲ: ಆರೂಕಾಲು ಎಂಬುದು ಬಾಯಿಮಾತಿನಲ್ಲಿ ಏಳಾಗುವಷ್ಟು ಸುಲಭವಾಗಿ ಆರಾಗುವುದಿಲ್ಲ. ಆಣೆಯು ಹೀಗೆ ಪೇಟೆಯಿಂದ ಹೊರಬಿದ್ದು ಭಾಷೆಯಲ್ಲಿ ಆಶ್ರಯ ಪಡೆಯಿತು. ಇಪ್ಪತ್ತೈದು ಪೈಸೆಯ ನಾಣ್ಯದ ಚಲಾವಣೆ ೨೦೧೧ರ ಜೂನ್ ೩೦ಕ್ಕೆ ಕೊನೆಗೊಂಡರೂ, ಕೆಲಸಕ್ಕೆ ಬಾರದವನನ್ನು ನಾಲ್ಕಾಣೆಗೆ ಬಾಳದವನೆಂದೇ ಈಗಲೂ ಬೈಯುತ್ತೇವೆ; ಬೈಗುಳಕ್ಕೆ ತುಟ್ಟಿಭತ್ಯೆ ಅನ್ವಯಿಸುವುದಿಲ್ಲ. ಕಾಸಿಗೆ ತಕ್ಕ ಕಜ್ಜಾಯವೆಂಬ ಗಾದೆಯಲ್ಲಿ ಕಾಸು ಸತ್ತು ಕಜ್ಜಾಯ ಉಳಿದಿದೆ, ಅದೂ ಹಿಂದಿನ ವ್ಯಾಸದಲ್ಲಿಲ್ಲ.

ತೃತೀಯ ಪರಿಚ್ಛೇದ: ವೃದ್ಧಿಪ್ರಭೇದನಿರ್ಣಯ. ಬೆಲೆಯ ಏರಿಕೆಯು ಹದಿನಾಲ್ಕು ವಿಧ. ಮೊದಲನೆಯದು ಪ್ರಕಟವೃದ್ಧಿ, ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು, ಎಲ್ಲರಿಗೂ ಕಾಣತಕ್ಕದ್ದು. ಎರಡನೆಯದು ಪ್ರಚ್ಛನ್ನವೃದ್ಧಿ: ಬೆಲೆ ಇದ್ದಂತೆಯೇ ಇರುವುದು, ವಸ್ತು ಕರಗುವುದು. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ವರ್ಷೇ ವರ್ಷೇ ತೆಳ್ಳಗಾಗುತ್ತ, ಈಗ ಒಳಗೆ ಬಿಸ್ಕತ್ತಿಗಿಂತ ಗಾಳಿಯೇ ಹೆಚ್ಚಾಗಿರುವುದು, ಮತ್ತು ಬೀರೂರು ಕಡೂರುಗಳ ಹೋಟೆಲುಗಳಲ್ಲಿ ಚಹಾದ ಲೋಟ ಔಷಧದ ಬಟ್ಟಲಿನ ಅಳತೆಗೆ ಇಳಿದಿರುವುದು, ಇದಕ್ಕೆ ನಿದರ್ಶನ. ಆ ಲೋಟವನ್ನೂ 'ಬೈಟು' ಮಾಡಿ ಕುಡಿಯುವ ಮಿತ್ರದ್ವಯವನ್ನು ಕಂಡರೆ ಪರಮಾಣುವಿನ ವಿಭಜನೆಯಲ್ಲಿ ನಾವು ಯಾರಿಗೂ ಹಿಂದಿಲ್ಲವೆಂದು ಹೆಮ್ಮೆಯಾಗುತ್ತದೆ. ಇದೇ ವರ್ಗಕ್ಕೆ ಸೇರಿದುದು ಕೊಸರಿನ ಮರಣ. ಸಂತೆಯಲ್ಲಿ ಸೇರು ಅಳೆದಾದ ಮೇಲೆ ಮೇಲೊಂದು ಹಿಡಿ, ಸೊಪ್ಪಿನ ಕಂತೆಯ ಮೇಲೊಂದು ಕಡ್ಡಿ, ಕೇಳಿದವರಿಗೂ ಕೇಳದವರಿಗೂ ಬೀಳುತ್ತಿದ್ದ ಆ ಕೊಸರನ್ನು ವಿದ್ಯುತ್ ತಕ್ಕಡಿ ಕೊಂದಿತು. ಕೆಂಪು ಅಂಕಿ ತೋರುವ ಯಂತ್ರದೆದುರು ಮಾರುವವಳಿಗೆ ಉದಾರಿಯಾಗಲೂ ಕೊಳ್ಳುವವಳಿಗೆ ಜಗಳವಾಡಲೂ ನಾಚಿಕೆ. ಕೊಸರು ಯಾವ ಸೂಚ್ಯಂಕದಲ್ಲೂ ಇರಲಿಲ್ಲವಾದುದರಿಂದ ಅದರ ಸಾವೂ ದಾಖಲಾಗಲಿಲ್ಲ. ಮೂರನೆಯದು ಪ್ರತಿನಿಧಿವೃದ್ಧಿ, ಚಿಲ್ಲರೆಗೆ ಬದಲು ಪೆಪ್ಪರಮೆಂಟು ಕೊಡುವುದು. ಉಳಿದ ಹನ್ನೊಂದು ಪ್ರಭೇದಗಳನ್ನು ನಾನು ಕಲ್ಪಿಸಬಲ್ಲೆ, ಬೇಸರವಾಗಿದೆ.

ಇನ್ನು ಮುಖ್ಯ ಸಿದ್ಧಾಂತ. ಈ ಮೂರು ಊರುಗಳಲ್ಲಿ ಚಲಾವಣೆಯಲ್ಲಿರುವುದು ಒಂದೇ ರೂಪಾಯಿಯೆಂದು ರಿಸರ್ವ್ ಬ್ಯಾಂಕು ಭ್ರಮಿಸಿದೆ. ತರೀಕೆರೆಯ ರೂಪಾಯಿ ಅಡಿಕೆಯದು. ಅಡಿಕೆಯನ್ನು ಬೇಯಿಸಿ, ಒಣಗಿಸಿ, ಚೀಲ ಕಟ್ಟಿ ಮೂಲೆಯಲ್ಲಿ ನಿಲ್ಲಿಸಿದರೆ ಅದು ಧಾರಣೆ ಏರುವ ತನಕ ಕಾಯುವುದು. ಆದುದರಿಂದ ಆ ರೂಪಾಯಿಗೆ ಒಂದು ಗಾಂಭೀರ್ಯ. ಕಡೂರಿನ ರೂಪಾಯಿ ಕೊಬ್ಬರಿಯದು. ಉಂಡೆ ಕೊಬ್ಬರಿಯಾಗಲು ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ತಪಸ್ಸು ಮಾಡಬೇಕು. ಹಾಗೆ ತಪಸ್ಸು ಮಾಡಿ ಕೆಳಗಿಳಿದದ್ದಕ್ಕೆ ೨೦೨೩ರಲ್ಲಿ ಸರ್ಕಾರ ಗೊತ್ತುಮಾಡಿದ ಬೆಂಬಲಬೆಲೆ ಕ್ವಿಂಟಲಿಗೆ ೧೧,೭೫೦ ರೂಪಾಯಿ, ಮಾರುಕಟ್ಟೆ ಕೊಟ್ಟದ್ದು ಅದಕ್ಕಿಂತ ಸಾವಿರಾರು ರೂಪಾಯಿ ಕಡಮೆ. ತಪಸ್ಸಿಗೂ ಭಂಗವುಂಟು. ಅಜ್ಜಂಪುರದ ರೂಪಾಯಿ ಈರುಳ್ಳಿಯದು. ಅದಕ್ಕೆ ಕಾಯಲು ಬಾರದು. ಕೊಯ್ಲಿನ ವಾರ ಮಳೆ ಹಿಡಿದರೆ ಹೊಲದಲ್ಲೇ ಕೊಳೆಯುವುದು, ಬೆಳೆದವನ ಮನೆಯಲ್ಲಿ ಇದ್ದಾಗ ಬೀದಿಪಾಲಾಗಿ ಇಲ್ಲದಾಗ ಬಂಗಾರವಾಗುವುದು, ಎರಡು ಸಂದರ್ಭದಲ್ಲೂ ಅಳಿಸುವುದು. ರಫ್ತಿನ ಮೇಲೆ ೨೦೨೩ರ ಆಗಸ್ಟಿನಲ್ಲಿ ನೂರಕ್ಕೆ ನಲವತ್ತರ ಸುಂಕವೂ ಡಿಸೆಂಬರಿನಲ್ಲಿ ನಿಷೇಧವೂ ಬಿದ್ದದ್ದು ದೆಹಲಿಯಲ್ಲಿ. ಲಾರಿಬಾಡಿಗೆಯೂ ಹುಟ್ಟದೆ ಹೋಗುವುದು ಬೆಳೆದವನ ಚೀಲದಲ್ಲಿ.

ಈ ತ್ರಿವಿಧ ರೂಪಾಯಿಯ ತತ್ತ್ವವನ್ನು ಬರೆದು ಮುಗಿಸಿ ನಾನು ಸಂತುಷ್ಟನಾಗಿ ಕುಳಿತಿರುವಾಗ ಹೊಳೆಯಿತು: ಇವೆಲ್ಲ ಸರಕು ಉಳ್ಳವರ ರೂಪಾಯಿಗಳು. ಈರುಳ್ಳಿ ಎಷ್ಟು ಅವಸರದ್ದಾದರೂ ನಾಲ್ಕು ದಿನ ತಡೆದೀತು. ಕಳೆ ಕೀಳುವವಳೂ ಅಡಿಕೆ ಸುಲಿಯುವವಳೂ ಮಾರುವ ಸರಕು ಹಗಲು. ಅದನ್ನು ಅಟ್ಟಕ್ಕೆ ಏರಿಸಲಾಗದು, ಚೀಲ ಕಟ್ಟಲಾಗದು. ಸಂಜೆಯೊಳಗೆ ಮಾರಿಹೋಗದಿದ್ದರೆ ಅದು ಇಲ್ಲವೇ ಇಲ್ಲ. ಧಾರಣೆ ಏರಲಿ ಎಂದು ಹಗಲನ್ನು ಹಿಡಿದಿಟ್ಟುಕೊಂಡ ಕೂಲಿಯವಳನ್ನು ಯಾವ ಊರಿನಲ್ಲೂ ನಾನು ಕಂಡಿಲ್ಲ. ಅಜ್ಜಂಪುರದ ಅಮೃತಮಹಲ್ ಕೇಂದ್ರದಲ್ಲಿ ಹೋರಿಗಳನ್ನು ವರ್ಷಕ್ಕೊಮ್ಮೆ ಬಹಿರಂಗವಾಗಿ ಹರಾಜು ಕೂಗುತ್ತಾರೆ, ಜೋಡಿ ಲಕ್ಷ ರೂಪಾಯಿ ದಾಟುವುದುಂಟು, ನೆರೆದವರು ಶಿಳ್ಳೆ ಹಾಕುತ್ತಾರೆ. ಮನುಷ್ಯಳ ಹಗಲಿನ ಬೆಲೆಯನ್ನು ಹಿಂದಿನ ರಾತ್ರಿ ಮೇಸ್ತ್ರಿ ಹೊಸ್ತಿಲಾಚೆಯಿಂದ ಒಂದೇ ಮಾತಿನಲ್ಲಿ ಹೇಳಿ ಹೋಗುತ್ತಾನೆ.

ಅವಳ ಪರವಾಗಿ ಒಂದು ಸೂಚ್ಯಂಕವಿದೆಯೆಂದು ನಮ್ಮ ವಿದ್ವಾಂಸರು ಹೇಳಿದ್ದರು. ಇದೆ. ಕೃಷಿಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವೆಂದು ಹೆಸರು, ಶಿಮ್ಲಾದ ತಂಪಿನಲ್ಲಿ ಅದರ ನೆಲೆ, ಉದ್ಯೋಗ ಖಾತರಿಯ ಕೂಲಿಯನ್ನು ಏರಿಸುತ್ತಿದ್ದುದು ಅದನ್ನು ನೋಡಿಕೊಂಡು. ಆದರೆ ಅದರ ಆಧಾರವರ್ಷ ೧೯೮೬–೮೭ ಆಗಿತ್ತು. ಬಡವರು ಏನೇನು ಕೊಳ್ಳುತ್ತಾರೆಂಬ ಬುಟ್ಟಿಯನ್ನು ಹೆಣೆದದ್ದು ೧೯೮೩ರ ಸಮೀಕ್ಷೆಯಿಂದ. ಆ ಬುಟ್ಟಿಯನ್ನೇ ೨೦೨೫ರ ವರೆಗೂ ಹೊತ್ತರು. ನಲವತ್ತು ವರ್ಷಗಳಲ್ಲಿ ಅವಳ ಮಕ್ಕಳು ಶಾಲೆಗೆ ಹೋದರು, ಮೊಬೈಲಿಗೆ ರೀಚಾರ್ಜು ಹಾಕಿಸದೆ ಕೂಲಿಯ ಕರೆಯೂ ಬರದಂತಾಯಿತು, ಬುಟ್ಟಿಗೆ ಗೊತ್ತಾಗಲಿಲ್ಲ. ೨೦೧೮ರಲ್ಲಿ ಕರ್ನಾಟಕದ ಖಾತರಿ ಕೂಲಿ ೨೪೯ ರೂಪಾಯಿ, ೨೦೧೯ರಲ್ಲೂ ೨೪೯. ಬರಪೀಡಿತ ತಾಲ್ಲೂಕುಗಳ ಪಟ್ಟಿಯಿಂದ ತಪ್ಪಿಸಿಕೊಳ್ಳುವುದೇ ಅಪರೂಪವಾದ ಕಡೂರಿನಲ್ಲಿ ಆ ವರ್ಷ, ಶಾಸ್ತ್ರಪ್ರಕಾರ, ಯಾರಿಗೂ ಯಾವುದೂ ತುಟ್ಟಿಯಾಗಲಿಲ್ಲ.

ಹಳೆಯ ವರದಿಗಾರರ ಕ್ರಮವನ್ನೇ ಹಿಡಿದು ನಾನೂ ಒಂದು ಲೆಕ್ಕ ಹಾಕಿದೆ: ಕೂಲಿಗೆ ಎಷ್ಟು ರಾಗಿ? ೨೦೧೩ರಲ್ಲಿ ಖಾತರಿ ಕೂಲಿ ೧೭೪ ರೂಪಾಯಿ, ರಾಗಿಯ ಬೆಂಬಲಬೆಲೆ ಕ್ವಿಂಟಲಿಗೆ ೧,೫೦೦. ದಿನಕ್ಕೆ ಹನ್ನೊಂದೂವರೆ ಕಿಲೋ. ೨೦೨೫ರಲ್ಲಿ ಕೂಲಿ ೩೭೦, ರಾಗಿ ೪,೮೮೬, ಏಳೂವರೆ ಕಿಲೋ. ಬೆಂಬಲಬೆಲೆ ಅಂಗಡಿಬೆಲೆಯಲ್ಲ, ರಾಗಿ ಬೆಳೆದವನಿಗೂ ಅನ್ನ ಬೇಕು, ತೋಟದ ಕೂಲಿ ಇದಕ್ಕಿಂತ ಮೇಲು, ನ್ಯಾಯಬೆಲೆ ಅಂಗಡಿಯ ಅಕ್ಕಿಯಿಂದ ಒಲೆ ಉರಿಯುತ್ತಿದೆ, ಎಲ್ಲವನ್ನೂ ಒಪ್ಪುತ್ತೇನೆ. ಒಪ್ಪಿದ ಮೇಲೂ ಸರ್ಕಾರವೇ ಗೊತ್ತುಮಾಡುವ ಎರಡು ಅಂಕಿಗಳ ನಡುವೆ ದಿನಕ್ಕೆ ನಾಲ್ಕು ಕಿಲೋ ರಾಗಿ ಕಾಣೆಯಾಗಿದೆ. ಕಾಲು ಪೈಸೆಯನ್ನು ಹುಡುಕಿದವನಿಗೆ ಇದನ್ನು ಎಲ್ಲಿ ಹುಡುಕುವುದೆಂದು ತೋಚಲಿಲ್ಲ. ಊರ್ಧ್ವಮುಖೀ ಪ್ರವೃತ್ತಿಯಂತೆ! ಆ ಗೆರೆಯ ತುದಿಯನ್ನು ಹಿಡಿದು ನೇತಾಡಿದವರು ಯಾರೆಂದು ಆ ಸಭೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಗಟ್ಟಿಯಾಗಿ ಕೇಳಲಿಲ್ಲ, ಊಟ ಚೆನ್ನಾಗಿತ್ತು.

ಕ್ಷೇತ್ರಕಾರ್ಯವಿಲ್ಲದ ಗ್ರಂಥ ಅಪೂರ್ಣವೆಂದು ಅಜ್ಜಂಪುರದ ಹೊರವಲಯದ ಒಂದು ಈರುಳ್ಳಿ ಹೊಲಕ್ಕೆ ಹೋದೆ. ಸಾಲು ಹಿಡಿದು ಕಳೆ ಕೀಳುತ್ತಿದ್ದ ಹೆಂಗಸರಲ್ಲಿ ಎಲ್ಲರಿಗಿಂತ ವಯಸ್ಸಾದವಳನ್ನು, "ಅಜ್ಜಿ, ನಿಮ್ಮ ಕಾಲದಲ್ಲಿ ಕೂಲಿ ಹೇಗಿತ್ತು?" ಎಂದು ಪ್ರಶ್ನಿಸಿದೆ.

"ರಾಗಿ ಕೊಡೋರು ಸ್ವಾಮಿ," ಎಂದಳು. "ಅಳ್ಯೋ ಸೇರು ಅವ್ರದು, ಒಡ್ಡೋ ಸೆರಗು ನಮ್ದು."

ಇದನ್ನು ಬರೆದುಕೊಂಡೆ. ಪ್ರಭೇದ ಯಾವುದೆಂದು ಯೋಚಿಸುತ್ತ ನಿಂತಿರಲು, ಅವಳೇ ಕೇಳಿದಳು: "ಇಂಗ್ ಬರ್ಕೊಳಕ್ಕೆ ನಿಮ್ಗೆ ದಿನಕ್ ಎಷ್ಟ್ ಕೊಡ್ತಾರೆ?"

ಏನೂ ಕೊಡುವುದಿಲ್ಲವೆಂದೆ.

"ಅಯ್ಯೋ, ಅಂಗಾದ್ರೆ ಬಿಸ್ಲಾಗ್ ಯಾಕ್ ನಿಂತಿದ್ದೀರಿ? ಹೋಗಿ ಮರದ್ ಕೆಳ್ಗೆ ಕೂತ್ಕಳಿ" ಎಂದು ಹೇಳಿ, ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡದೆಯೇ ಮುಂದಿನ ಸಾಲಿಗೆ ಸರಿದಳು.