ಬರುತ್ತೆ, ಹೋಗಲ್ಲ

“ಬರುತ್ತೆ, ಆದ್ರೆ ಹೋಗಲ್ಲ” ಎಂದು ನಮ್ಮ ಮಾವನವರು ಫೋನಿನಲ್ಲಿ ನರಳಿದರು. ಅವರ ವಯಸ್ಸಿನವರು ಹಾಗೆಂದರೆ ಮೊದಲು ಡಾಕ್ಟರ ನೆನಪಾಗುವುದು ಸಹಜ. ವಿಚಾರಿಸಿದರೆ, ಹೋಗದಿದ್ದದ್ದು ಇಮೇಲ್.

ಮಾವನವರು ಬ್ಯಾಂಕಿನಿಂದ ನಿವೃತ್ತರಾದವರು. ಯೂನಿಯನ್ ಸೆಕ್ರೆಟರಿಯೂ ಆಗಿದ್ದವರು. ಫೋನಿನಲ್ಲಿ ಮೇಲ್ ಓದುವುದು ಅವರ ಪ್ರಕಾರ ಅಶಿಸ್ತು. ಡೆಸ್ಕ್‌ಟಾಪಿನ ಹೊದಿಕೆ ತೆಗೆದು, ಕನ್ನಡಕ ಒರೆಸಿಕೊಂಡು, ಮೇಲ್ ಪ್ರೋಗ್ರಾಂ ತೆರೆದು ಓದಿದರೆ ಮಾತ್ರ ಅದು ಪತ್ರ.

ಭಾನುವಾರ ಹೋಗಿ ಸೆಟ್ಟಿಂಗ್ಸ್ ತೆರೆದೆ. ಒಳಬರುವ ಸರ್ವರ್ ಐಮ್ಯಾಪ್, ಪೋರ್ಟ್ 993, ಲಕ್ಷಣವಾಗಿತ್ತು. ಹೊರಹೋಗುವುದು ಎಸ್‌ಎಂಟಿಪಿ, ಬೇರೆಯದೇ ಸರ್ವರ್.

“ಒಂದೇ ಮೇಲಿಗೆ ಎರಡಾ?” ಎಂದವರು, ನಾನು ಬಾಯಿ ತೆರೆಯುವುದರೊಳಗೆ ತಾವೇ ಸಮಾಧಾನ ಹೇಳಿಕೊಂಡರು: “ಸರಿ ಬಿಡಿ. ದುಡ್ಡು ಕಟ್ಟೋ ಕೌಂಟರ್ ಬೇರೆ, ತೆಗೆಯೋ ಕೌಂಟರ್ ಬೇರೆ.”

ತೊಂದರೆ ಪೋರ್ಟ್ 25ರದು. ಮನೆಗಳಿಂದ ಸ್ಪ್ಯಾಮ್ ನುಗ್ಗದಿರಲೆಂದು ಇಂಟರ್ನೆಟ್ ಕೊಡುವವರು ಅನೇಕರು ಆ ಬಾಗಿಲನ್ನೇ ಮುಚ್ಚಿರುತ್ತಾರೆ. ಮಾವನವರು ಸಂಪರ್ಕ ಬದಲಾಯಿಸಿದ್ದು ಮೊನ್ನೆ ಮೊನ್ನೆ. ಸಾಲದ್ದಕ್ಕೆ, ಕಳಿಸುವಾಗ ಪಾಸ್‌ವರ್ಡ್ ಬೇಕೇ ಎಂಬಲ್ಲಿ ಟಿಕ್ಕೇ ಇರಲಿಲ್ಲ. 1982ರಲ್ಲಿ ಎಸ್‌ಎಂಟಿಪಿ ನಿಯಮ ಬರೆದಾಗ ಕಳಿಸುವವರ ಗುರುತು ಕೇಳುವ ಏರ್ಪಾಡೇ ಇರಲಿಲ್ಲ, ಅದು ಸೇರಿದ್ದು 1999ರಲ್ಲಿ ಎಂದೆ.

ಮಾವನವರು ಕುರ್ಚಿಯಿಂದ ಎದ್ದೇಬಿಟ್ಟರು. “ಹದಿನೇಳು ವರ್ಷ ಸಹಿ ತಾಳೆ ನೋಡದೆ ಪಾಸ್ ಮಾಡಿದ್ರಾ? ಆಡಿಟ್ ಆಗ್ತಿರಲಿಲ್ವಾ?”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಾತು ತಪ್ಪಿಸಲು, ಈಗ 587 ಅಥವಾ 465 ಹಾಕಬಹುದು ಎಂದೆ. 465ರದು ಪಾಪದ ಕಥೆ: 1997ರಲ್ಲಿ ಈ ಕೆಲಸಕ್ಕೆ ನೇಮಿಸಿ, ಬೇಗನೆ ಕಿತ್ತುಹಾಕಿ, 2018ರಲ್ಲಿ ಮತ್ತೆ ಕರೆದು ಕೂರಿಸಿದರು.

“ಅರಿಯರ್ಸ್ ಕೊಟ್ಟರಂತಾ?”

587 ಹಾಕೋಣವೆಂದರೆ ಕೇಳಲಿಲ್ಲ. ಅನ್ಯಾಯಕ್ಕೊಳಗಾದ ನೌಕರನ ಪರ ನಿಲ್ಲುವುದು ಅವರ ಹಳೆಯ ಚಾಳಿ. 465 ಹಾಕಿದೆವು. ಅವರೇ ಮೌಸ್ ಹಿಡಿದು ಭದ್ರತೆಯ ಪಟ್ಟಿಯಲ್ಲಿ ‘ಸ್ಟಾರ್ಟ್‌ಟಿಎಲ್‌ಎಸ್’ ಆರಿಸಿದರು. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಅತ್ತೆಯವರ ಕಾಫಿ ಬಂದು, ಲೋಟಗಳೂ ಒಳಗೆ ಹೋದವು. 587 ಮೊದಲು ಬರಿಯ ಮಾತಿನಲ್ಲಿ ಶುರು ಮಾಡಿ ಆಮೇಲೆ ಗುಟ್ಟಿಗೆ ಇಳಿಯುತ್ತದೆ; ಸ್ಟಾರ್ಟ್‌ಟಿಎಲ್‌ಎಸ್ ಅದಕ್ಕೆ. 465ಕ್ಕೆ ಮೊದಲ ಅಕ್ಷರದಿಂದಲೇ ಗುಟ್ಟು ಬೇಕು. ‘ಎಸ್‌ಎಸ್‌ಎಲ್/ಟಿಎಲ್‌ಎಸ್’ ಎಂದು ಬದಲಿಸಿ, ಪಾಸ್‌ವರ್ಡಿಗೆ ಟಿಕ್ ಹಾಕಿದ್ದೇ ತಡ, ಔಟ್‌ಬಾಕ್ಸ್ ಖಾಲಿಯಾಯಿತು.

“ಅಯ್ಯೋ, ನಿಲ್ಸಿ, ನಿಲ್ಸಿ!”

ತಡವಾಗಿತ್ತು. ಹಳೆಯ ಸಹೋದ್ಯೋಗಿಯೊಬ್ಬರಿಗೆ ಅವರು ಬರೆದಿದ್ದ ಪತ್ರಗಳೆಲ್ಲ ಒಟ್ಟಿಗೆ ಹೊರಟಿದ್ದವು. ಮೊದಲನೆಯದರಲ್ಲಿ ಮಗಳ ಮದುವೆಗೆ ಶುಭಾಶಯ. ಎರಡನೆಯದರಲ್ಲಿ, ಒಂದು ಸಾಲು ಉತ್ತರ ಬರೆಯುವಷ್ಟೂ ಪುರುಸೊತ್ತಿಲ್ಲವೇ ಎಂಬ ಆಕ್ಷೇಪ. ಮೂರನೆಯದರಲ್ಲಿ, ಇನ್ನು ಮುಂದೆ ನಮ್ಮಿಬ್ಬರ ನಡುವೆ ವ್ಯವಹಾರ ಬೇಡವೆಂಬ ನೋಟೀಸು.

ಹತ್ತು ನಿಮಿಷದಲ್ಲಿ ಆ ಮಹನೀಯರ ಫೋನ್ ಬಂತು: “ಮೂರರಲ್ಲಿ ಯಾವುದಕ್ಕೆ ಉತ್ತರ ಬರೀಲಿ ಮಾರಾಯ?”